ಮಲ್ಲಿಗೆಗೆ ಕೊಟ್ಟ ಊರುಗೋಲು

ನವೆಂಬರ್ ಹನ್ನೊಂದು, ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲು. ಹುಳುಮನೆ ಖಾಲಿ. ರೇಷ್ಮೆಗೂಡು ನಿನ್ನೆಯೇ ರಾಮನಗರದ ಮಾರುಕಟ್ಟೆಗೆ ಹೋಯಿತು. ತೊಳೆದ ತಟ್ಟೆಗಳು ಗೋಡೆಗೆ ಒರಗಿ ಬಿಸಿಲಿಗೆ ಕಾಯುತ್ತಿವೆ. ಬೆಳೆ ಮುಗಿದ ಮಾರನೆಯ ದಿನ ನಮ್ಮ ಮನೆಯಲ್ಲಿ ಎಲ್ಲರೂ ಹೊತ್ತೇರುವವರೆಗೆ ಮಲಗುತ್ತಾರೆ. ನನಗೆ ನಿದ್ದೆ ಬರಲಿಲ್ಲ. ಜಗಲಿಯ ಮೇಲೆ ಕೂತು, ಎದುರಿಗಿರುವ ಒಂದು ಗಿಡವನ್ನು ನೋಡುತ್ತಾ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾಳೆ ಗಾರೆಯವರು ಬರುತ್ತಾರೆ. ಮಾಗಡಿ ಸೀಮೆಯ ನಮ್ಮ ತಿಪ್ಪಸಂದ್ರದ ಕಡೆ ಈಗ ಹುಳುಮನೆಯನ್ನು ಉದ್ದ ಮಾಡದವರೇ ಇಲ್ಲ. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾಗಿವೆ. ಹೆಣ್ಣು ನೋಡಲು ಬಂದವರನ್ನು ನಮ್ಮವರು ‘ಎಷ್ಟು ಎಕರೆ’ ಎಂದು ಕೇಳುವುದನ್ನು ಬಿಟ್ಟು ‘ಎಷ್ಟು ತಟ್ಟೆ ಹುಳ ಮೇಯಿಸ್ತೀರಾ’ ಎಂದು ಕೇಳುತ್ತಾರೆ. ನಮ್ಮ ಹುಳುಮನೆಯೂ ಪಡುವಣಕ್ಕೆ ಎರಡು ಅಂಕಣ ಬೆಳೆಯಬೇಕು. ಹೊಸ ಗೋಡೆಯ ಪಾಯ ನೇರವಾಗಿ ಹೋದರೆ ಈ ಗಿಡದ ಬುಡದ ಮೇಲೇ ಹೋಗುತ್ತದೆ.

ಹೋದ ಬೆಳೆಯಲ್ಲಿ ಅಪ್ಪ ಒಂದು ಮಾತು ಹೇಳಿದ್ದ. “ನೋಡವ್ವ ನಾಗೂ, ಅದರ ಹೆಸ್ರೇನು ಅಂತ ತಿಳ್ಕೊಂಡು ಹೇಳು. ಹೆಸರಿರೋ ಗಿಡ ಆದ್ರೆ ಗೋಡೆ ಒಸಿ ಸೊಟ್ಟ ಆದ್ರೂ ಆಗ್ಲಿ. ಯಾವ್ದೋ ಬೇಲಿ ಕಡ್ಡಿಗೆ ಪಾಯ ತಿರುಗ್ಸುದ್ರೆ ಊರೋರು ನಗ್ತಾರೆ.” ಗಾರೆಯವರು ಬರುವ ದಿನದವರೆಗೆ ಗಡುವು. ನಾಳೆ ಆ ದಿನ. ಹೆಸರು ಇನ್ನೂ ಸಿಕ್ಕಿಲ್ಲ.

ಗಿಡ ನೋಡಲು ಏನೂ ಅಲ್ಲ. ನನ್ನ ಭುಜದಷ್ಟು ಎತ್ತರ. ಎಲೆ ದಪ್ಪ, ತೊಟ್ಟಿನ ಹತ್ತಿರ ಕಿರಿದಾಗಿ ತುದಿಯ ಕಡೆಗೆ ಅಗಲವಾಗುತ್ತದೆ, ಅಂಚಿಗೆ ಸಣ್ಣ ಹಲ್ಲು. ಮುಟ್ಟಿದರೆ ಬೆರಳಿಗೆ ಒಂದಿಷ್ಟು ಅಂಟು. ಹಿಸುಕಿದರೆ ಓಮಕ್ಕೂ ಕರ್ಪೂರಕ್ಕೂ ನಡುವಿನ ಒಂದು ಘಾಟು. ಕೊಂಬೆಯ ತುದಿಗಳಲ್ಲಿ ಗೊಂಚಲಾಗಿ ಅಂಗಿಯ ಗುಂಡಿಗಿಂತ ಚಿಕ್ಕ ನೇರಳೆ ಹೂಗಳು, ದಳವೇ ಇಲ್ಲದ ಹೂಗಳು. ಒಣಗಿದ ಮೇಲೆ ಒಡೆದು ಬಿಳಿ ಕೂದಲಾಗಿ ಗಾಳಿಗೆ ಹಾರುತ್ತವೆ. ಇಷ್ಟನ್ನೂ ನಾನು ಡೈರಿಯಲ್ಲಿ ಬೇರೆ ಬೇರೆ ತಾರೀಕುಗಳಲ್ಲಿ ಬರೆದಿದ್ದೇನೆ. ಹೆಸರಿನ ಮುಂದೆ ಮಾತ್ರ ಖಾಲಿ ಬಿಟ್ಟಿದ್ದೇನೆ.

ಈ ಗಿಡ ಇಲ್ಲಿಗೆ ಬಂದದ್ದು ಗಿಡವಾಗಿ ಅಲ್ಲ, ಒಂದು ಗೂಟವಾಗಿ.

ಆಗ ನಾನು ಐದನೇ ತರಗತಿ. ಹೊನ್ನಾವರದಿಂದಾಚೆ ಕಡಲಿಗೆ ಹತ್ತಿರದ ಯಾವುದೋ ಹಳ್ಳಿಯಿಂದ ನಮ್ಮ ಶಾಲೆಗೆ ಒಬ್ಬ ಟೀಚರು ಬಂದರು. ಅವರಿಗೆ ಅದೇ ಮೊದಲ ನೌಕರಿ. ನಮ್ಮ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮತ್ತು ಎದೆಗೆ ಅವಚಿಕೊಂಡು ಹಾಲಿನ ಪುಡಿಯ ಡಬ್ಬ. ಡಬ್ಬದಲ್ಲಿ ಒಂದು ಮಲ್ಲಿಗೆ ಬಳ್ಳಿ. ಬಸ್ಸಿನ ಕುಲುಕಾಟಕ್ಕೆ ಮುರಿಯದಿರಲಿ ಎಂದು ಅವರ ಅಮ್ಮ ಮನೆಯ ಬೇಲಿಯಿಂದ ಕೈಗೆ ಸಿಕ್ಕ ಒಂದು ಕಡ್ಡಿ ಮುರಿದು, ಮಣ್ಣಿಗೆ ಚುಚ್ಚಿ, ಬಾಳೆನಾರಿನಲ್ಲಿ ಬಳ್ಳಿಯನ್ನು ಅದಕ್ಕೆ ಕಟ್ಟಿ ಕಳಿಸಿದ್ದರು. ಟೀಚರು ಅದನ್ನು ಕಡ್ಡಿಯ ಸಮೇತ ಹುಳುಮನೆಯ ಪಕ್ಕ ನೆಟ್ಟರು. ಪಾತ್ರೆ ತೊಳೆದ ನೀರು ಅಲ್ಲಿಗೇ ಹರಿಯುತ್ತಿತ್ತು.

ಅಜ್ಜಿಗೆ ಇದು ಹಿಡಿಸಲಿಲ್ಲ. ಹುಳ ಸಾಕುವ ಮನೆಗಳ ಕಟ್ಟುಪಾಡು ನಿಮಗೆ ಗೊತ್ತಿರಲಾರದು, ಹೇಳುತ್ತೇನೆ. ಹುಳುಮನೆಗೆ ಹೂ ಮುಡಿದು ಹೋಗುವಂತಿಲ್ಲ. ಪೌಡರು ಬಳಿದುಕೊಂಡು ಹೋಗುವಂತಿಲ್ಲ. ಬೀಡಿ ಸೇದಿದವರು ಕೈಬಾಯಿ ತೊಳೆದರೂ ಅಜ್ಜಿ ಅವರನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುತ್ತಾಳೆ. ಹುಳ ಜ್ವರಕ್ಕೆ ಕೂತರೆ, ಅಂದರೆ ಪೊರೆ ಕಳಚಲು ಮೇವು ಬಿಟ್ಟು ತಲೆ ಎತ್ತಿ ನಿಂತರೆ, ಅಡುಗೆಮನೆಯಲ್ಲಿ ಒಗ್ಗರಣೆಯೂ ಬಂದ್. ನನ್ನ ಬಾಲ್ಯದ ಸಾರುಗಳಲ್ಲಿ ಅರ್ಧಕ್ಕರ್ಧ ಒಗ್ಗರಣೆ ಕಾಣದ ಸಾರುಗಳು. ಹುಳಕ್ಕೆ ಘಾಟು ತಾಕಿದರೆ ಬೆಳೆ ಹೋಯಿತು ಎಂದು ಅಜ್ಜಿ ಗಟ್ಟಿಯಾಗಿ ನಂಬಿದ್ದಾಳೆ. ಅಂಥ ಮನೆಗೆ ಟೀಚರು ತಂದದ್ದು ಮಲ್ಲಿಗೆ, ಮತ್ತು ಟ್ರಂಕಿನ ತಳದಲ್ಲಿ ಒಣಮೀನು.

ಒಣಮೀನನ್ನು ಅವರು ಮೊದಲ ಸಲ ಸುಟ್ಟ ದಿನ ನಮ್ಮ ಹುಳ ಮೂರನೇ ಜ್ವರದಲ್ಲಿದ್ದವು. ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಿ ಬಂದಳು. ಅವಳು ಬೈಯಲಿಲ್ಲ, ಬಾಡಿಗೆಗೆ ಇರುವವರು, ಅದೂ ಟೀಚರಮ್ಮ. “ಅವ್ವಾ, ನೀನು ಏನಾರ ತಿನ್ನು ತಾಯಿ, ಆದ್ರೆ ಹುಳಕ್ಕೆ ಕೇಳಿ ತಿನ್ನು” ಎಂದಳು. ಆಮೇಲೆ ಟೀಚರು ಮೀನು ಸುಡುವುದು ತೋಟದ ಬದುವಿನ ಮೇಲೆ ಎಂದಾಯಿತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಧೂಳು ತೂರಿ ನೋಡಿ ಹೇಳುವ ಕೆಲಸ ನನ್ನದು. ಅದಕ್ಕೆ ಕೂಲಿಯಾಗಿ ನನಗೂ ಒಂದು ಚೂರು ಸಿಗುತ್ತಿತ್ತು. ಮನೆಗೆ ಬಂದು ಹುಳುಮನೆಯ ಕಡೆ ಸುಳಿಯದೆ ನೆಟ್ಟಗೆ ಬಚ್ಚಲಿಗೆ ಹೋಗುವ ನನ್ನ ಶುಚಿತ್ವ ಕಂಡು ಅವ್ವನಿಗೆ ಆಶ್ಚರ್ಯವಾಗುತ್ತಿತ್ತು.

ಮಲ್ಲಿಗೆ ಹೆಚ್ಚು ದಿನ ಬಾಳಲಿಲ್ಲ. ಪಕ್ಕದ ಹಟ್ಟಿಯ ಕುರಿಗಳು ಒಂದು ಸಂಜೆ ಮನೆಗೆ ಹಿಂತಿರುಗುವಾಗ ಅದನ್ನು ಬುಡದವರೆಗೆ ಮೇಯ್ದವು. ಆಸರೆಗೆ ಇದ್ದ ಕಡ್ಡಿಯನ್ನು ಮಾತ್ರ ಮೂಸಿ ಬಿಟ್ಟು ಹೋದವು. ಟೀಚರು ಶಾಲೆಯಿಂದ ಬಂದು ನೋಡಿದರು. ಬಾಳೆನಾರಿನ ಗಂಟು ಕಡ್ಡಿಯ ಮೇಲೆ ಹಾಗೇ ಇತ್ತು. ಅದನ್ನು ಬಿಚ್ಚಲು ಹೋಗಿ ಬಿಚ್ಚದೆ ಒಳಗೆ ಹೋದರು.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಬಚ್ಚಲಿಗೆ ಹೊರಟ ಟೀಚರು ಅಲ್ಲೇ ಕುಕ್ಕರಗಾಲಲ್ಲಿ ಕೂತು ನಗುತ್ತಿದ್ದರು. ನಾನು ಓಡಿಹೋದೆ. ಕಡ್ಡಿಯ ಪಕ್ಕೆಯಲ್ಲಿ ಎರಡು ಚಿಗುರು.

“ಕಾಣು ಮಾರಾಯ್ತಿ,” ಎಂದರು, “ಮಲ್ಲಿಗೆ ಹೋಗಿ ಗೂಟ ಬದುಕಿತು.”

ಹೆಸರೇನು ಎಂದು ನಾನು ಆಗಲೇ ಕೇಳಿದ್ದೆ. ಅದಕ್ಕೆಂಥ ಹೆಸರು ಎಂದು ಅವರೇ ನನ್ನನ್ನು ಕೇಳಿದರು. ಅವರ ಊರಲ್ಲಿ ಕಡಲು ಉಬ್ಬಿ ಭರತ ಬಂದಾಗ ಉಪ್ಪುನೀರು ನುಗ್ಗುವ ಗದ್ದೆಗಳಿವೆಯಂತೆ. ಅವುಗಳ ಏರಿ ಮೇಲೆ ಇದು ತಾನಾಗಿ ಬೆಳೆಯುತ್ತದಂತೆ. ಕಡಿದು ಬೇಲಿಗೆ ಒಟ್ಟುತ್ತಾರೆ, ಮತ್ತೆ ಬೆಳೆಯುತ್ತದೆ, ಮತ್ತೆ ಕಡಿಯುತ್ತಾರೆ. ಅದನ್ನು ತಿರುಗಿ ನೋಡುವವರಿಲ್ಲ. ಅವರೂ ನೋಡಿರಲಿಲ್ಲ. ಹೂ ಬಿಡುತ್ತದೆ ಎಂಬುದು ಅವರಿಗೆ ತಿಳಿದದ್ದೇ ನಮ್ಮ ಮನೆಯಲ್ಲಿ.

ಆದರೆ ಆ ದಿನದಿಂದ ಅವರು ಅದರ ಹತ್ತಿರ ನಿಲ್ಲದೆ ಶಾಲೆಗೆ ಹೋದದ್ದು ನಾನು ಕಾಣೆ. ಎಲೆ ಮುರಿದು ಹಿಸುಕಿ ಮೂಗಿಗೆ ಹಿಡಿಯುತ್ತಿದ್ದರು. ಆಮೇಲೆ ಅಜ್ಜಿಗೆ ಕಾಣದಂತೆ ಕೈ ತೊಳೆಯುತ್ತಿದ್ದರು.

ಲೆಕ್ಕ ಇಡುವ ನನ್ನ ಈ ಚಾಳಿಯೂ ಅವರದೇ ಕೊಡುಗೆ. ಹಿಂದಿನ ವರ್ಷದ ಒಂದು ಡೈರಿಯನ್ನು ನನಗೆ ಕೊಟ್ಟು, ಹುಳುಮನೆಯ ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರನ್ನು ದಿನಕ್ಕೆರಡು ಸಲ ನೋಡಿ ಬರೆಯಲು ಹೇಳಿದರು. “ಕಂಡದ್ದು ಮೊದಲು ಬರಿ. ಅನಿಸಿದ್ದು ಆಮೇಲೆ” ಎಂದರು. ನಾನು ಕಂಡದ್ದೆಲ್ಲ ಬರೆದೆ. ನನ್ನ ಮೊದಲ ಪುಟದಲ್ಲಿ ಶಾಖ ಎಪ್ಪತ್ತೆಂಟು, ಸೊಪ್ಪು ನಾಲ್ಕು ಕುಕ್ಕೆ, ಟೀಚರು ಎರಡು ಸಲ ಸೀನಿದರು ಎಂದಿದೆ. ಅಪ್ಪ ಈಗಲೂ ಅದನ್ನು ನೆಂಟರಿಗೆ ಹೇಳಿ ನಗುತ್ತಾನೆ.

ಇನ್ನೊಂದು ಸಂಗತಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಬಕಾಸುರನ ಹಾಗೆ ತಿನ್ನುತ್ತವೆ. ಹುಳುಮನೆಯ ತುಂಬಾ ಸರಸರ ಸದ್ದು. ನಮಗೆ ಅದು ಬರೀ ಕೆಲಸದ ಸದ್ದು, ಸೊಪ್ಪು ಸಾಲದು ಎನ್ನುವ ಸದ್ದು. ಟೀಚರು ಆ ದಿನಗಳಲ್ಲಿ ಸಂಜೆ ಕೈಕಾಲು ತೊಳೆದು, ಹೂವಿಲ್ಲದ ತಲೆಯಲ್ಲಿ ಹುಳುಮನೆಯ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದರು. ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಏನು ಕೇಳುತ್ತೀರಿ ಎಂದು ಒಮ್ಮೆ ಕೇಳಿದೆ.

“ನೀರು ಇಳೀತಾ ಉಂಟು” ಎಂದರು.

ಕಡಲು ಇಳಿಯುವಾಗ ಕಪ್ಪೆಚಿಪ್ಪಿನ ಚೂರುಗಳ ಮೇಲೆ ನೀರು ಹಿಂದಕ್ಕೆ ಜಾರುತ್ತದಲ್ಲ, ಆಗ ಹೀಗೇ ಕೇಳುತ್ತದಂತೆ. ನಾನು ಕಡಲು ಕಂಡವಳಲ್ಲ. ಇವತ್ತಿಗೂ ಕಂಡಿಲ್ಲ. ಕಂಡದ್ದರಲ್ಲಿ ದೊಡ್ಡ ನೀರು ಎಂದರೆ ಬೈರಮಂಗಲದ ಕೆರೆ, ಅದು ಸದ್ದು ಮಾಡುವುದಿಲ್ಲ. ಆ ಸಂಜೆ ನಾನೂ ಅವರ ಪಕ್ಕ ಕೂತು ಕಣ್ಣು ಮುಚ್ಚಿದೆ. ನನಗೆ ಕೇಳಿದ್ದು ಹುಳವೇ. ಆದರೂ ‘ಹೌದು ಟೀಚರ್’ ಎಂದೆ.

ನಾನು ಎಂಟನೇ ತರಗತಿಗೆ ಬರುವ ಹೊತ್ತಿಗೆ ಅವರಿಗೆ ತಮ್ಮ ಕಡೆಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಟ್ರಂಕನ್ನು ಜಟಕಾದಲ್ಲಿ ಇಟ್ಟು ಗಿಡದ ಹತ್ತಿರ ಬಂದರು. ಒಂದೆಲೆ ಮುರಿದು ಕರವಸ್ತ್ರದಲ್ಲಿ ಸುತ್ತಿಕೊಂಡರು.

“ಊರಿಗೆ ಹೋದ ಕೂಡಲೆ ಇದನ್ನ ಹುಡುಕಬೇಕು ನಾಗೂ. ಅಲ್ಲಿ ಎಲ್ಲಿತ್ತು ಅಂತ ಒಂದು ದಿನವೂ ನೋಡಿದವಳಲ್ಲ ನಾನು.”

ಎರಡು ವರ್ಷ ಕಾಗದ ಬಂತು. ಆಮೇಲೆ ಅವರಿಗೆ ಮದುವೆಯಾಯಿತು, ಬೇರೆ ಊರಾಯಿತು, ನನ್ನ ಕಾಗದಗಳು ತಿರುಗಿ ಬಂದವು. ಹುಡುಕಿದರೋ, ಸಿಕ್ಕಿತೋ, ತಿಳಿಯಲಿಲ್ಲ.

ಅವರು ಹೋದ ಬೇಸಿಗೆಯಲ್ಲಿ ಗಿಡ ಎಲೆ ಉದುರಿಸಿತು. ನನಗೆ ಗಾಬರಿ. ಉಪ್ಪುನೀರಿನ ಗಿಡ, ಸಿಹಿನೀರಿಗೆ ಸಾಯುತ್ತಿದೆ ಎಂದು ನಾನೇ ತೀರ್ಮಾನಿಸಿದೆ. ಅಡುಗೆಮನೆಯ ಜಾಡಿಯಿಂದ ಹಿಡಿ ಹಿಡಿ ಕಲ್ಲುಪ್ಪು ತಂದು ಚೊಂಬಿನಲ್ಲಿ ಕರಗಿಸಿ ಬುಡಕ್ಕೆ ಹೊಯ್ದೆ. ಅಜ್ಜಿ ಜಾಡಿಯ ತಳ ಕಂಡ ದಿನ ನನ್ನ ಕೈಯನ್ನು ಚೊಂಬಿನ ಸಮೇತ ಹಿಡಿದಳು. “ಉಪ್ಪಾಯ್ತಲ್ಲ ತಾಯಿ, ಇನ್ನೊಂದೊಸಿ ಹುಳಿ ಖಾರನೂ ಹಾಕ್ಬುಡು, ಉಂಡ್ಕೊಳ್ಳಲಿ” ಎಂದಳು. ಮುಂಗಾರಿಗೆ ಗಿಡ ಚಿಗುರಿತು. ಉಪ್ಪಿನಿಂದಲೇ ಚಿಗುರಿತು ಎಂದು ಡೈರಿಯಲ್ಲಿ ಬರೆದಿದ್ದೇನೆ. ಕಂಡದ್ದು ಮೊದಲು ಎಂಬ ಪಾಠ ಅಷ್ಟರಲ್ಲೇ ಮರೆತಿತ್ತು.

ಅಪ್ಪನ ಗಡುವಿನ ಮೇಲೆ ಹುಡುಕಾಟ ಶುರುವಾಯಿತು. ಊರಿನಲ್ಲಿ ಕೇಳಿದೆ. ಒಬ್ಬರು ಒಂದು ಸೊಪ್ಪಿನ ಹೆಸರು ಹೇಳಿದರೆ ಇನ್ನೊಬ್ಬರು ಅವರನ್ನು ಗೇಲಿ ಮಾಡಿದರು. ಹಟ್ಟಿಯ ಮುದುಕ ಒಬ್ಬ ಎಲೆ ಮೂಸಿ, “ಕುರಿ ತಿನ್ನಲ್ಲ ಅಂದ್ಮೇಲೆ ನಮಗ್ಯಾಕೆ ಬುಡವ್ವ” ಎಂದ. ಅವನ ಮಟ್ಟಿಗೆ ಗಿಡಗಳಲ್ಲಿ ಎರಡೇ ಜಾತಿ.

ಹೋದ ಬೆಳೆಯ ಗೂಡು ಮಾರಲು ಅಪ್ಪ ರಾಮನಗರಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಗೂಡಿನ ಚೀಲದ ಬಾಯಲ್ಲಿ ಒಂದು ಹೂಬಿಟ್ಟ ಕೊಂಬೆ ಸಿಗಿಸಿಕೊಂಡಿದ್ದೆ. ಮಾರುಕಟ್ಟೆಯಲ್ಲಿ ಹರಾಜಿನ ಬಿಡ್ಡು ಕೂಗುವವನು ಗೂಡಿಗಿಂತ ಮೊದಲು ಕೊಂಬೆಯನ್ನು ಕೈಗೆತ್ತಿಕೊಂಡು ಇದೆಷ್ಟು ಎಂದು ಕೇಳಿದ, ಸುತ್ತ ನಿಂತವರು ನಕ್ಕರು. ಅಲ್ಲಿಂದ ಪರಿಚಯದವರ ಮೂಲಕ ಸಸ್ಯಶಾಸ್ತ್ರ ಕಲಿಸುವ ಒಬ್ಬ ಮೇಷ್ಟ್ರ ಮನೆಗೆ ಹೋದೆವು. ಒಳ್ಳೆಯ ಮನುಷ್ಯ. ಒಂದು ಹೂವನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ತೋರಿಸಿದರು. ನಾನು ಇಷ್ಟು ವರ್ಷ ಒಂದು ಹೂ ಎಂದು ಬರೆದುಕೊಂಡದ್ದು ಒಂದು ಹೂವಲ್ಲ, ಕೂದಲೆಳೆಯಂಥ ಹತ್ತಾರು ಹೂಗಳ ಕಟ್ಟು. ಸೇವಂತಿಗೆ, ಸೂರ್ಯಕಾಂತಿ, ನಮ್ಮ ಹುಚ್ಚೆಳ್ಳು, ಎಲ್ಲ ಹೀಗೆಯೇ ಕಟ್ಟು ಕಟ್ಟಿಕೊಂಡು ಒಂದೇ ಹೂವಿನಂತೆ ನಟಿಸುತ್ತವಂತೆ. ಇದು ಆ ಬಳಗದ್ದು ಎಂಬುದು ಖಚಿತ. ನನ್ನ ಡೈರಿಯ ಹೂವಿನ ಲೆಕ್ಕವೆಲ್ಲ ಅಲ್ಲಿಗೆ ತಪ್ಪಾಯಿತು. ಆದರೂ ಸಂತೋಷವಾಯಿತು.

ಅದಕ್ಕಿಂತ ಮುಂದಕ್ಕೆ ಅವರು ಹೋಗಲಿಲ್ಲ. ಕಡಲ ತೀರದ ಸಸ್ಯಗಳ ಪುಸ್ತಕ ತಮ್ಮಲ್ಲಿಲ್ಲ, ಇಂಥ ಗಿಡ ಮಾಗಡಿ ಸೀಮೆಯಲ್ಲಿ ಇರುವುದೂ ಇಲ್ಲ ಎಂದರು. ಇದೆಯಲ್ಲ ಸಾರ್ ಎಂದೆ. ಅವರು ಕೊಂಬೆಯನ್ನೂ ನನ್ನನ್ನೂ ನೋಡಿ, ಸುಮ್ಮನೆ ಮಾತಿಗೆ ಪಾರ್ಥೇನಿಯಂ ಕಳೆ ಕೂಡ ಇದೇ ಬಳಗದ್ದು ಎಂದರು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಅಪ್ಪ ನೆಟ್ಟಗೆ ಕೂತ.

“ಪಾರ್ಥೇನಿ ನೆಂಟನಾ? ಹಂಗಾರೆ ಇವತ್ತೇ ಕಿತ್ತಾಕವ ಬುಡು.”

ಬಸ್ಸಿನಲ್ಲಿ ಬರುವಾಗ ಹುಚ್ಚೆಳ್ಳೂ ನೆಂಟನೇ ಎಂದು ನಾನು ದಾರಿಯುದ್ದಕ್ಕೂ ವಾದ ಮಾಡಿದೆ. ಮಾಗಡಿ ಬರುವ ಹೊತ್ತಿಗೆ ಅಪ್ಪ, ಆಯ್ತು ಗಡುವು ಗಡುವೇ ಎಂದು ಒಪ್ಪಿದ.

ಇನ್ನು ಈ ಬೆಳೆಯ ಮಾತು. ಗಿಡ ದಾರಿಗೆ ಅಡ್ಡ ಚಾಚುತ್ತದೆ ಎಂದು ಯಾರೂ ಗೊಣಗದಿರಲಿ ಎಂದು ನಾನು ಆಗಾಗ ಅದರ ಕೊಂಬೆ ಸವರುತ್ತೇನೆ. ಸವರಿದ್ದನ್ನು ಸುಡುವಂತಿಲ್ಲ, ಹೊಗೆ ಹುಳಕ್ಕೆ ಆಗದು. ಎಸೆಯಲು ನನಗೆ ಮನಸ್ಸಿಲ್ಲ. ಒಂದೊಂದು ಕಟ್ಟಿಗೂ ತಾರೀಕಿನ ಚೀಟಿ ಕಟ್ಟಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದೆ. ಯಾರಾದರೂ ತಿಳಿದವರು ಬಂದರೆ ತೋರಿಸಲು ಎಂದು ನನ್ನ ಸಮಜಾಯಿಷಿ. ಅಟ್ಟ ಅರ್ಧ ತುಂಬಿತ್ತು. ‘ಮ್ಯೂಸಿಯಮ್ಮು’ ಎಂದು ಅಪ್ಪ ಅದಕ್ಕೆ ಹೆಸರಿಟ್ಟಿದ್ದ.

ಹಿಂದಿನ ಭಾನುವಾರ ಹುಳ ಹಣ್ಣಾದವು. ಹಣ್ಣಾದ ಹುಳ ಮೈ ತಿಳಿಯಾಗಿ ಮೇವು ಬಿಟ್ಟು ನೂಲು ಬಿಡಲು ಜಾಗ ಹುಡುಕುತ್ತವೆ. ಆಗ ಅವನ್ನು ಆರಿಸಿ ಚಂದ್ರಿಕೆಗೆ, ಬಿದಿರ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಹೆಣೆದ ಆ ದೊಡ್ಡ ಹಲಗೆಗೆ, ಬಿಡಬೇಕು. ಚಂದ್ರಿಕೆ ಸಾಲದಿದ್ದರೆ ಪಕ್ಕದ ಮನೆಯಿಂದ ತರುವುದು ವಾಡಿಕೆ. ಆದರೆ ಈ ಸಲ ಊರೆಲ್ಲ ಒಂದೇ ದಿನ ಮೊಟ್ಟೆ ತಂದಿತ್ತು. ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣು. ಅವ್ವ ಮೂರು ಮನೆಗೆ ಹೋಗಿ ಬರಿಗೈಯಲ್ಲಿ ಬಂದಳು. ನಾಲ್ಕನೇ ಮನೆಯವರು ನಮ್ಮ ಮನೆಗೇ ಕೇಳಲು ಬರುತ್ತಿದ್ದವರು ದಾರಿಯಲ್ಲಿ ಸಿಕ್ಕಿದರಂತೆ.

ಎರಡು ತಟ್ಟೆ ಹುಳ ಉಳಿದವು. ತಟ್ಟೆಯ ಅಂಚಿಗೆ ಹತ್ತಿ, ತಲೆ ಆಡಿಸುತ್ತಾ, ಏನೂ ಸಿಗದೆ ನೂಲನ್ನು ಸುಮ್ಮನೆ ಬಿಡತೊಡಗಿದವು. ಒಣಕಡ್ಡಿ ಏನಾದರೂ ತನ್ನಿ, ಹಿಂದಿನವರು ಕಡ್ಡಿ ಮೇಲೇ ಬಿಡುತ್ತಿದ್ದರು ಎಂದು ಅಜ್ಜಿ ಕೂಗಿದಳು. ಮಳೆ ನಿಂತು ವಾರವಾಗಿರಲಿಲ್ಲ, ಹಿತ್ತಿಲಲ್ಲಿ ಒಣಗಿದ್ದು ಎಂಬುದೇ ಇರಲಿಲ್ಲ. ಅಜ್ಜಿ, ಅವ್ವ, ಅಪ್ಪ ಮೂವರೂ ಒಮ್ಮೆಗೇ ನನ್ನ ಕಡೆ ನೋಡಿದರು.

ನಾನು ಅಟ್ಟದ ಕಟ್ಟುಗಳನ್ನು ಒಂದೊಂದಾಗಿ ಕೆಳಗೆ ಇಳಿಸಿದೆ. ಅಜ್ಜಿ ಮೊದಲನೆಯದನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು. “ಘಾಟು ಕಮ್ಮಿಯಾಗೈತೆ ಕಣೇ,” ಎಂದಳು, “ಇಲ್ಲದಿದ್ರೂ ಈಗ ಹುಳಕ್ಕೇನು, ತಿನ್ನೋದಂತೂ ಮುಗೀತು.” ಚೀಟಿ ಬಿಚ್ಚಲು ಪುರಸೊತ್ತಿರಲಿಲ್ಲ. ಕೊಂಬೆಗಳನ್ನು ತಟ್ಟೆಗಳಲ್ಲಿ ಹರಡಿ ಹುಳ ಬಿಟ್ಟೆವು. ನಾನು ಅಲ್ಲೇ ಕೂತೆ. ಮೊದಲು ಅವು ಕೊಂಬೆಗೆ ಬೆನ್ನು ಹಾಕಿ ಅಂಚಿಗೆ ಹೋದವು. ಬೆಳೆ ಹೋದರೂ ಹೋಗಲಿ, ಗಿಡಕ್ಕೆ ಕೆಟ್ಟ ಹೆಸರು ಬಾರದಿರಲಿ ಎಂದು ಬೇಡಿಕೊಂಡೆ. ಹೆಸರೇ ಇಲ್ಲದ ಗಿಡಕ್ಕೆ ಕೆಟ್ಟ ಹೆಸರು ಬೇರೆ. ಸ್ವಲ್ಪ ಹೊತ್ತಿಗೆ ಒಂದು ಹುಳ ತಿರುಗಿ ಬಂದು ಕವಲೊಂದರಲ್ಲಿ ಸೇರಿಕೊಂಡಿತು. ಆಮೇಲೆ ಇನ್ನೊಂದು.

ಶುಕ್ರವಾರ ಗೂಡು ಬಿಡಿಸಿದೆವು. ಕೊಂಬೆಯ ಗೂಡುಗಳು ಚಂದ್ರಿಕೆಯವಕ್ಕಿಂತ ಮೇಲೆಂದು ಹೇಳಲಾರೆ, ಆದರೆ ಗಟ್ಟಿ ಇದ್ದವು. ಒಣಹೂಗಳು ನೂಲಿನಲ್ಲಿ ಸಿಕ್ಕಿಕೊಂಡಿದ್ದವು. ಒಂದು ಹುಳ ನನ್ನ ಚೀಟಿಯನ್ನೇ ಗೋಡೆ ಮಾಡಿಕೊಂಡು ಗೂಡು ಕಟ್ಟಿತ್ತು. ಅಪ್ಪ ಅದನ್ನು ಬಿಡಿಸಿ, ಚೀಟಿಯ ತಾರೀಕು ಓದಿ, ಮಾರುವ ಬುಟ್ಟಿಗೆ ಹಾಕದೆ ನನ್ನ ಮಡಿಲಿಗೆ ಎಸೆದ.

ಅವ್ವ ಎದ್ದಳು. ಇಲ್ಲಿಗೆ ನಿಲ್ಲಿಸುತ್ತೇನೆ.

ಸೋಮವಾರ, ಮಧ್ಯಾಹ್ನ ಒಂದೂವರೆ. ಗಾರೆಯವರು ಊಟಕ್ಕೆ ಕೂತಿದ್ದಾರೆ.

ಬೆಳಿಗ್ಗೆ ಮೇಸ್ತ್ರಿ ಎರಡು ಗೂಟ ಹೊಡೆದು ದಾರ ಎಳೆದ. ದಾರ ಬಂದು ಗಿಡದ ನಡುವಿಗೆ ತಾಗಿತು. ಕೊಡಲಿ ಕೇಳಿ, ಸುಮ್ಮನೆ ಎಂಬಂತೆ, “ಇದ್ಯಾವ್ ಗಿಡ ಗೌಡ್ರೆ?” ಎಂದ. ಅಪ್ಪ ನನ್ನ ಮುಖ ನೋಡಿದ. ಗಡುವಿನ ಪ್ರಕಾರ ಆಗ ನಾನು ಬಾಯಿಬಿಡಬೇಕಿತ್ತು.

“ಅದಾ,” ಎಂದ ಅಪ್ಪ, “ಟೀಚರಮ್ಮನ ಗಿಡ.”

“ಕೇಳೇ ಇಲ್ವಲ್ಲ ಅಂಥಾದ್ದ.”

“ಕಡ್ಲ ಕಡೇದು. ಈ ಕಡೆ ಕಮ್ಮಿ. ನೀನು ದಾರ ಒಸಿ ಈಚೆಗೆ ಹಿಡಿ.”

“ಗೋಡೆ ಸೊಟ್ಟ ಆಯ್ತದೆ.”

“ಹುಳಕ್ಕೇನು ಗೋಡೆ ನೋಡಕ್ಕೆ ಬತ್ತದಾ? ಹಿಡಿ ಅಂದ್ರೆ.”

ದಾರ ಈಚೆಗೆ ಬಂತು. ಅಪ್ಪ ತೋಟದ ಕಡೆ ಹೋಗಿಬಿಟ್ಟ, ನನ್ನನ್ನು ನೋಡಲಿಲ್ಲ.

ಹೀಗೆ ಗಿಡಕ್ಕೆ ಇಲ್ಲಿ ಒಂದು ಹೆಸರಾಯಿತು. ಆದರೂ ನನ್ನ ಡೈರಿಯ ಖಾಲಿ ಜಾಗವನ್ನು ನಾನು ತುಂಬಿಲ್ಲ. ಟೀಚರು ತಮ್ಮ ಊರಿನಲ್ಲಿ ಎಲ್ಲೋ ಇದನ್ನು ಹುಡುಕುತ್ತಿದ್ದರೆ, ಟೀಚರಮ್ಮನ ಗಿಡ ಎಲ್ಲಿದೆ ಎಂದು ಯಾರನ್ನು ಕೇಳಿಯಾರು? ಅಲ್ಲಿಯ ಹೆಸರು ಬೇಕು.

ಆದ್ದರಿಂದ ಕಡಲ ಕಡೆಯವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಗದ್ದೆಯ ಏರಿಗೆ ಒಮ್ಮೆ ಹೋಗಿ ನೋಡಿ. ಎಲೆ ಹಿಸುಕಿ ಮೂಸಿ. ಓಮಕ್ಕೂ ಕರ್ಪೂರಕ್ಕೂ ನಡುವಿನ ವಾಸನೆ ಬಂದರೆ, ಅದನ್ನು ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ನೀರು ಇಳಿಯುವ ಹೊತ್ತಾದರೆ ಒಂದಿಷ್ಟು ನಿಂತು ಸದ್ದನ್ನೂ ಕೇಳಿ. ಅದು ನಮ್ಮ ಹುಳ ಮೇಯುವ ಸದ್ದಿನಂತೆಯೇ ಇದೆಯೇ ಎಂದು ತಿಳಿಯಬೇಕು. ಹುಳದ ಸದ್ದು ಗೊತ್ತಿಲ್ಲದಿದ್ದರೆ ನಮ್ಮಲ್ಲಿಗೆ ಬನ್ನಿ, ಹೂ ಮುಡಿಯದೆ ಬನ್ನಿ.

ಮತ್ತು ಆ ಏರಿಯ ಮೇಲೆ ಯಾರಾದರೂ ಹೆಂಗಸು ಬೇಲಿಗಿಡದ ಎಲೆ ಮುರಿದು ಮೂಗಿಗೆ ಹಿಡಿದು ನಿಂತಿರುವುದು ಕಂಡರೆ, ಅವರು ಊರಿದ ಗೂಟ ತಿಪ್ಪಸಂದ್ರದ ಕಡೆ ಈ ವರ್ಷವೂ ಹೂ ಬಿಟ್ಟಿದೆ ಎಂದು ಹೇಳಿ.